ಎಣ್ಣೆ, ಸೀಸ ಮತ್ತು ಹದ: ತೈಲವರ್ಣ ಚಿತ್ರಕಲೆಯ ಒಣಗಿಸುವ ದ್ರವ್ಯಗಳ ಚರಿತ್ರೆ

ಚಿತ್ರಕಲೆಯ ಚರಿತ್ರೆ ಬಹುಮಟ್ಟಿಗೆ ಕಲಾವಿದರ, ಶೈಲಿಗಳ ಹಾಗೂ ಪೋಷಕರ ಚರಿತ್ರೆಯಾಗಿಯೇ ರಚನೆಯಾಗಿದೆ. ಬಣ್ಣ ಅರೆಯುವವರ, ಎಣ್ಣೆ ಕಾಯಿಸುವವರ ಕಸುಬಿನ ತಿಳಿವಳಿಕೆಗೆ ಅದರಲ್ಲಿ ದೊರೆತಿರುವ ಸ್ಥಾನ ಅಲ್ಪವಾದುದು. ಯುರೋಪಿನ ತೈಲವರ್ಣ ಚಿತ್ರಕಲೆಯಲ್ಲಿ ಎಣ್ಣೆಯನ್ನು ಬೇಗ ಒಣಗಿಸಲು ಬಳಸಿದ ದ್ರವ್ಯಗಳ ಚರಿತ್ರೆ ಈ ದೃಷ್ಟಿಯಿಂದ ಗಮನಾರ್ಹವಾದುದು. ಚಿತ್ರ ಎಷ್ಟು ಕಾಲ ಬಾಳುತ್ತದೆ, ಅದನ್ನು ಬರೆಯುವ ಕೈ ಎಷ್ಟು ಸುರಕ್ಷಿತ ಎಂಬ ಎರಡು ಪ್ರಶ್ನೆಗಳು ಇಲ್ಲಿ ಒಟ್ಟಿಗೆ ಹೆಣೆದುಕೊಂಡಿವೆ.

ಉತ್ತರ ಕರ್ನಾಟಕದ ಅಡುಗೆಮನೆಗೆ ಚಟ್ನಿಪುಡಿಯ ರೂಪದಲ್ಲಿ ಪರಿಚಿತವಾದ ಅಗಸೆಯ ಎಣ್ಣೆಯೇ ಯುರೋಪಿನ ಚಿತ್ರಕಾರರ ಮುಖ್ಯ ಮಾಧ್ಯಮ. ಈ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಆದುದರಿಂದ ಒಣಗುವ ಹಂತದಲ್ಲಿ ಅದರ ತೂಕ ಹೆಚ್ಚುತ್ತದೆ. ಈ ಕ್ರಿಯೆಗೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಒಂದು ಬಣ್ಣ ಒಣಗುವವರೆಗೆ ಮತ್ತೊಂದನ್ನು ಹಚ್ಚಲಾಗದ ಬೇಸರವನ್ನು 12ನೆಯ ಶತಮಾನದಲ್ಲಿಯೇ ಥಿಯೋಫಿಲಸ್ ಎಂಬ ಸಂನ್ಯಾಸಿ ತನ್ನ ಕರಕುಶಲ ಗ್ರಂಥದಲ್ಲಿ ದಾಖಲಿಸಿದ್ದಾನೆ.

ಈ ಬೇಸರಕ್ಕೆ ಕಸುಬು ಕಂಡುಕೊಂಡ ಪರಿಹಾರ ಸೀಸ. ಲಿಥಾರ್ಜ್ ಎಂಬ ಸೀಸದ ಆಕ್ಸೈಡನ್ನು ಎಣ್ಣೆಯಲ್ಲಿ ಹಾಕಿ ಕಾಯಿಸಿದರೆ ಎಣ್ಣೆ ಮಂದವಾಗಿ, ಬೇಗ ಒಣಗುವ ಗುಣ ಪಡೆಯುತ್ತದೆ. ಲಿಯೊನಾರ್ಡೊನ 'ಮೋನಾಲಿಸಾ' ಚಿತ್ರದ ತಳಪದರದಲ್ಲಿ ಪ್ಲಂಬೊನ್ಯಾಕ್ರೈಟ್ ಎಂಬ ಸೀಸದ ಸಂಯುಕ್ತವಿರುವುದನ್ನು 2023ರಲ್ಲಿ ಪ್ರಕಟವಾದ ಸಂಶೋಧನೆ ಗುರುತಿಸಿತು. ಎಣ್ಣೆಗೆ ಸೀಸದ ಆಕ್ಸೈಡ್ ಸೇರಿಸಿದ್ದುದರ ಸೂಚನೆಯೆಂದು ಅದನ್ನು ಸಂಶೋಧಕರು ಅರ್ಥೈಸಿದ್ದಾರೆ. ರೆಂಬ್ರಾಂಟ್ 1642ರಲ್ಲಿ ಪೂರ್ಣಗೊಳಿಸಿದ 'ನೈಟ್ ವಾಚ್' ಚಿತ್ರದಲ್ಲಿ 2023ರಲ್ಲಿ ವರದಿಯಾದ ಸೀಸದ ಫಾರ್ಮೇಟ್ ಕೂಡ ಇಂಥದೇ ಪದ್ಧತಿಯತ್ತ ಬೆರಳು ಮಾಡುತ್ತದೆ.

ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಸಾಗಿದ ಈ ಜ್ಞಾನವನ್ನು ಬರಹಕ್ಕೆ ತಂದವರಲ್ಲಿ ಇಂಗ್ಲೆಂಡಿನ ಅರಸರ ವೈದ್ಯನಾಗಿದ್ದ ತಿಯೊಡೋರ್ ತುರ್ಕೆ ದ ಮಯೆರ್ನ್ ಪ್ರಮುಖನು. 1620ರಿಂದ 1646ರ ಅವಧಿಯ ಅವನ ಹಸ್ತಪ್ರತಿ ಬ್ರಿಟಿಷ್ ಲೈಬ್ರರಿಯಲ್ಲಿದೆ. ರೂಬೆನ್ಸ್, ವ್ಯಾನ್ ಡೈಕ್ ಮೊದಲಾದವರಿಂದ ಕೇಳಿ ತಿಳಿದ ಸಂಗತಿಗಳನ್ನು ಅವನು ಅದರಲ್ಲಿ ಬರೆದಿಟ್ಟಿದ್ದಾನೆ. ಇಂದಿನ ಪರಿಭಾಷೆಯಲ್ಲಿ ಇದನ್ನು ಕ್ಷೇತ್ರಕಾರ್ಯವೆಂದೇ ಕರೆಯಬೇಕು. ಆದರೆ ಬರಹಕ್ಕೆ ಇಳಿಯುವುದು ದ್ರವ್ಯದ ಹೆಸರು ಮತ್ತು ಅಳತೆ ಮಾತ್ರ; ಎಣ್ಣೆ ಯಾವಾಗ ಹದಕ್ಕೆ ಬಂದಿತೆಂಬುದು ಕಾಯಿಸುವವನ ಕಣ್ಣು ಮೂಗುಗಳಿಗೆ ಬಿಟ್ಟ ವಿಷಯ.

ಹದ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ 18ನೆಯ ಶತಮಾನದ ಇಂಗ್ಲೆಂಡ್ ಸಾಕ್ಷಿ. ಪೂರ್ವಸೂರಿಗಳ ವರ್ಣವೈಭವದ ಗುಟ್ಟನ್ನು ಮರಳಿ ಪಡೆಯುವ ಹಂಬಲದಿಂದ ಅಲ್ಲಿನ ಚಿತ್ರಕಾರರು ಸೀಸದಲ್ಲಿ ಕಾಯಿಸಿದ ಎಣ್ಣೆಗೆ ಮ್ಯಾಸ್ಟಿಕ್ ರಾಳದ ವಾರ್ನಿಷ್ ಬೆರೆಸಿ 'ಮೆಗಿಲ್ಪ್' ಎಂಬ ಲೋಳೆಯಂಥ ಮಾಧ್ಯಮವನ್ನು ಬಳಸಿದರು. ರಾಯಲ್ ಅಕಾಡೆಮಿಯ ಮೊದಲ ಅಧ್ಯಕ್ಷ ಜೋಶುವಾ ರೆನಾಲ್ಡ್ಸ್ ರಾಳ, ಮೇಣ, ಬಿಟುಮೆನ್‌ಗಳನ್ನೂ ಪದರ ಪದರವಾಗಿ ಪ್ರಯೋಗಿಸಿದನು. ಅವನ ಹಲವು ಚಿತ್ರಗಳು ಅವನ ಜೀವಿತಕಾಲದಲ್ಲಿಯೇ ಬಿರುಕು ಬಿಟ್ಟವು. ಒಳಪದರ ಹಸಿಯಾಗಿರುವಾಗಲೇ ಮೇಲ್ಪದರ ಬಿಗಿದುಕೊಂಡರೆ ಬಿರುಕು ತಪ್ಪುವುದಿಲ್ಲ.

ಚಿತ್ರಕ್ಕಾದ ಹಾನಿ ಕಣ್ಣಿಗೆ ಕಾಣುತ್ತದೆ. ಮೈಗಾದ ಹಾನಿ ಹಾಗಲ್ಲ. ಇಟಲಿಯ ವೈದ್ಯ ರಮಜ್ಜಿನಿ ವೃತ್ತಿಜನ್ಯ ರೋಗಗಳನ್ನು ಕುರಿತ ತನ್ನ 1700ರ ಗ್ರಂಥದಲ್ಲಿ ಚಿತ್ರಕಾರರಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಬಣ್ಣಗಳಲ್ಲಿನ ಸೀಸ, ಪಾದರಸಗಳತ್ತ ಗಮನ ಸೆಳೆದನು. 1840ರ ದಶಕದಲ್ಲಿ ಪ್ಯಾರಿಸ್ಸಿನ ಗೋಡೆಬಣ್ಣದ ಗುತ್ತಿಗೆದಾರ ಲಕ್ಲೇರ್ ತನ್ನ ಕೆಲಸಗಾರರನ್ನು ಸೀಸದಿಂದ ಪಾರುಮಾಡಲು ಸತುವಿನ ಬಿಳಿಯನ್ನೂ ಮ್ಯಾಂಗನೀಸ್ ಸೇರಿಸಿ ಕಾಯಿಸಿದ ಎಣ್ಣೆಯನ್ನೂ ಬಳಕೆಗೆ ತಂದನು. 1921ರ ಅಂತರರಾಷ್ಟ್ರೀಯ ಕಾರ್ಮಿಕ ಒಡಂಬಡಿಕೆ ಕಟ್ಟಡಗಳ ಒಳಗೋಡೆಗೆ ಸೀಸದ ಬಿಳಿಯ ಬಳಕೆಯನ್ನು ನಿರ್ಬಂಧಿಸಿತಾದರೂ ಕಲಾತ್ಮಕ ಚಿತ್ರಣವನ್ನು ಆ ನಿರ್ಬಂಧದಿಂದ ಹೊರಗಿಟ್ಟಿತು. ಭಾರತದಲ್ಲಿ 2017ರ ನವೆಂಬರ್‌ನಿಂದ ಜಾರಿಗೆ ಬಂದ 90 ಪಿಪಿಎಂ ಮಿತಿಯ ನಿಯಮವೂ ಗೃಹಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳನ್ನು ಕುರಿತದ್ದು. ಗೋಡೆಗೆ ಬಳಿಯುವವನ ವಿಷಯದಲ್ಲಿ ಕಾನೂನು ತೋರಿದ ಎಚ್ಚರವನ್ನು ಚಿತ್ರಕಾರ ತಾನೇ ವಹಿಸಿಕೊಳ್ಳಬೇಕಾಯಿತು.

19ನೆಯ ಶತಮಾನದ ಕೊನೆಯಿಂದ ಕೋಬಾಲ್ಟ್ ಲವಣಗಳು ಸೀಸದ ಸ್ಥಾನವನ್ನು ಆಕ್ರಮಿಸತೊಡಗಿದವು. ಕೋಬಾಲ್ಟ್ ಮೇಲ್ಮೈಯನ್ನು ಮೊದಲು ಒಣಗಿಸುವುದರಿಂದ ಪ್ರಮಾಣ ಮೀರಿದರೆ ಬಣ್ಣದ ಮೇಲೆ ಕೆನೆಗಟ್ಟಿ ಸುಕ್ಕು ಮೂಡುತ್ತದೆ. ಆದುದರಿಂದ ತಯಾರಕರು ಸೂಚಿಸಿದ ಕೆಲವೇ ಹನಿಗಳನ್ನು ಮಾಧ್ಯಮದಲ್ಲಿ ಸಮನಾಗಿ ಬೆರೆಸುವುದು ಕ್ರಮ. ಸಹಜವಾಗಿಯೇ ಮ್ಯಾಂಗನೀಸ್ ಇರುವ ಅಂಬರ್ ಬಣ್ಣಕ್ಕೆ ಅದು ಬೇಕಾಗುವುದಿಲ್ಲ. ನಿಧಾನವಾಗಿ ಒಣಗುವ ಪದರದ ಮೇಲೆ ಬೇಗ ಒಣಗುವ ಪದರವನ್ನು ಹಚ್ಚಬಾರದು. ಕೋಬಾಲ್ಟ್ ಚರ್ಮದ ಅಲರ್ಜಿಗೆ ಕಾರಣವಾಗಬಲ್ಲದು. ಕೈಗವಸು, ಗಾಳಿಯಾಡುವ ಕೋಣೆ, ಕುಂಚವನ್ನು ತುಟಿಗೆ ತಾಗಿಸದ ಅಭ್ಯಾಸ ಅಗತ್ಯ. ಹಳೆಯ ಪಾಕವನ್ನು ನಂಬಿ ಸೀಸದೊಡನೆ ಎಣ್ಣೆ ಕಾಯಿಸುವುದು ಸರ್ವಥಾ ಸಲ್ಲದು. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ; ಮುದ್ದೆಮಾಡಿ ಬಿಸುಟ ಎಣ್ಣೆಬಟ್ಟೆ ಕಿಡಿಯಿಲ್ಲದೆ ಹೊತ್ತಿಕೊಳ್ಳಬಲ್ಲದು. ಅದನ್ನು ನೀರಿನಲ್ಲಿ ನೆನೆಸಿ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಡಬೇಕು.

ಪರಂಪರೆಯ ಜ್ಞಾನವನ್ನು ಅಧ್ಯಯನ ಮಾಡುವವರಿಗೆ ಈ ಚರಿತ್ರೆ ಒಂದು ಎಚ್ಚರಿಕೆಯನ್ನು ನೀಡುತ್ತದೆ. ಕಸುಬುದಾರರು ಕಣ್ಣಿಗೆ ಕಂಡ ದೋಷವನ್ನು ತಲೆಮಾರುಗಳ ಅನುಭವದಿಂದ ತಿದ್ದಿಕೊಂಡರು; ಮೈಯೊಳಗೆ ಮೆಲ್ಲನೆ ಇಳಿದ ವಿಷವನ್ನು ಗುರುತಿಸಲು ವೈದ್ಯಶಾಸ್ತ್ರದ ನೆರವು ಬೇಕಾಯಿತು. ಹಳೆಯ ಪಾಕಗಳನ್ನು ಸಂಗ್ರಹಿಸಿ ಪ್ರಕಟಿಸುವವರು ಅವುಗಳ ಜೊತೆಯಲ್ಲಿಯೇ ಈ ಎರಡನೆಯ ತಿಳಿವಳಿಕೆಯನ್ನೂ ದಾಖಲಿಸುವುದು ವಿದ್ವತ್ತಿನ ಹೊಣೆಯಾಗಿದೆ.