ನೀಲಿಯ ಕೆಳಗಿನ ಅರಗು

ಶಿಡ್ಲಘಟ್ಟದ ಮನೆಯಲ್ಲಿ ಅಜ್ಜನ ಮೇಜಿಗೆ ಹೊಸ ಬಣ್ಣ ಹೊಡೆಯಲೆಂದು ಉಪ್ಪುಕಾಗದದಿಂದ ಉಜ್ಜುತ್ತಿದ್ದೆ. ನೀಲಿ ಎನಾಮಲ್ ಕೆಳಗೆ ಕೆಂಗಂದು ಹೊಳಪು ಕಂಡಿತು. ಸ್ಪಿರಿಟ್ ಅದ್ದಿದ ಬಟ್ಟೆ ಒತ್ತಿದೆ, ಅಂಟಂಟಾಗಿ ಕರಗಿತು. ಅರಗಿನ ಪಾಲಿಶ್! ರೇಷ್ಮೆಹುಳುವಿನ ಊರಲ್ಲಿ ಇನ್ನೊಂದು ಹುಳುವಿನ ದುಡಿಮೆ.

ಕಾಡಿನ ಅರಗನ್ನು ಬಳಸಿಕೊಳ್ಳಲೆಂದು ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಕಟ್ಟಿಸಿದರು. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಬೀಳುವ ಶಾಯಿಯೂ ಅಲ್ಲಿಯದೇ.

ನೀರು ಬಿದ್ದರೆ, ಬಿಸಿ ಲೋಟ ಇಟ್ಟರೆ ಅರಗು ಬೆಳ್ಳಗಾಗುತ್ತದೆ. ಅದಕ್ಕೇ ಗಟ್ಟಿ ಎನಾಮಲ್ ಮನೆಮನೆಗೂ ಬಂತು. ಆದರೆ ಅರಗಿನ ಹೊಸ ಪದರ ಹಳೆಯದರಲ್ಲಿ ಬೆರೆಯುತ್ತದೆ. ಎನಾಮಲ್ ಬರೀ ಮುಚ್ಚುತ್ತದೆ.

ಇನ್ನಷ್ಟು ಉಜ್ಜಿದಾಗ ಅಜ್ಜ ಗೂಡಿನ ಲೆಕ್ಕ ಬರೆಯುವಾಗ ಮರಕ್ಕಿಳಿದ ಅಂಕಿಗಳ ಗೀರು ಕಂಡವು. ಉಪ್ಪುಕಾಗದ ಕೆಳಗಿಟ್ಟೆ. ಬಣ್ಣದ ಡಬ್ಬಿ ತೆರೆಯಲೇ ಇಲ್ಲ. ಉಳಿದ ನೀಲಿಯನ್ನು ಮೆಲ್ಲಗೆ ಕೆರೆದು, ಬಟ್ಟೆಯುಂಡೆಯಿಂದ ತೆಳ್ಳಗೆ ಅರಗನ್ನೇ ಹಚ್ಚಿದೆ.