ಅರಿವಳಿಕೆ ಇಳಿಯುವ ಹೊತ್ತಿನಲ್ಲಿ ಶ್ವಾಸಕೋಶದ ನೀರು: ಬೆಳಗಾವಿ ಜಿಲ್ಲೆಯ ಪೂರ್ವ ತಾಲ್ಲೂಕುಗಳ ನೆಲೆಯಲ್ಲಿ

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿದ ಮೇಲೆ, ರೋಗಿ ಎಚ್ಚರಗೊಳ್ಳುವಾಗ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು ಅರಿವಳಿಕೆಯ ಅಪರೂಪದ ತೊಡಕು. ಇದರ ಒಂದು ಮುಖ್ಯ ಕಾರಣ ಧ್ವನಿಪೆಟ್ಟಿಗೆಯ ಸೆಡೆತ. ಉಸಿರಿನ ಕೊಳವೆ ತೆಗೆದೊಡನೆ ಜೊಲ್ಲೋ ರಕ್ತವೋ ತಗುಲಿ ಧ್ವನಿತಂತುಗಳು ಬಿಗಿದು ಮುಚ್ಚಿಕೊಳ್ಳುತ್ತವೆ. ರೋಗಿ ಮಾತ್ರ ಜೋರಾಗಿ ಉಸಿರೆಳೆಯುತ್ತಲೇ ಇರುತ್ತಾನೆ. ಸಹಜ ಉಸಿರಿನಲ್ಲಿ ಎದೆಯೊಳಗಿನ ಋಣ ಒತ್ತಡ 5ರಿಂದ 8 ಸೆಂ.ಮೀ. ನೀರಿನಷ್ಟು, ದಾರಿ ಮುಚ್ಚಿದಾಗ ಅದು 50ರಿಂದ 100 ಸೆಂ.ಮೀ. ಮುಟ್ಟಬಲ್ಲದು. ಆ ಸೆಳೆತಕ್ಕೆ ಲೋಮನಾಳಗಳ ದ್ರವ ಗಾಳಿಗೂಡುಗಳಿಗೆ ಜಿನುಗುತ್ತದೆ. ಹಾಗಾಗಿ ಗರಡಿಯಲ್ಲಿ ಪಳಗಿದ ಗಟ್ಟಿ ಎದೆಯ ಯುವಕನಿಗೇ ಅಪಾಯ ಹೆಚ್ಚು. ಸಂಶೋಧಕರಾದ ಮೂರ್ ಮತ್ತು ಬಿಂಗರ್ 1927ರಲ್ಲಿ ನಾಯಿಗಳಲ್ಲಿ ಈ ಬಗೆಯ ನೀರು ತುಂಬುವಿಕೆಯನ್ನು ಗುರುತಿಸಿದರು. ಮನುಷ್ಯರಲ್ಲಿನ ವರದಿಗಳು 1970ರ ದಶಕದವು.

ಸೆಡೆತ ಬಿಟ್ಟಾಗ ಎಲ್ಲ ಸರಿಹೋದಂತೆ ಕಾಣುತ್ತದೆ. ಕೆಲವೇ ನಿಮಿಷಗಳಲ್ಲಿ ಕೆಮ್ಮು, ಬಾಯಲ್ಲಿ ನಸುಗೆಂಪು ನೊರೆ. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್‌ನ ಅಂಕಿ ಇಳಿಯತೊಡಗುತ್ತದೆ.

ಬೈಲಹೊಂಗಲ, ಸವದತ್ತಿ, ರಾಮದುರ್ಗದಂಥ ತಾಲ್ಲೂಕು ಆಸ್ಪತ್ರೆಗಳಲ್ಲಿ ಗಮನಿಸಬೇಕಾದ ಬಗೆ ಬೇರೆ. ಸಿಸೇರಿಯನ್ ಹೆರಿಗೆಗೆ ಸಾಮಾನ್ಯವಾಗಿ ಬೆನ್ನುಹುರಿಯ ಅರಿವಳಿಕೆ ಕೊಡುತ್ತಾರೆ. ಅದರಿಂದ ರಕ್ತದೊತ್ತಡ ಕುಸಿದಾಗ ಸಲೈನ್ ಏರಿಸುತ್ತಾರೆ. ಮದ್ದಿನ ಪ್ರಭಾವ ಇಳಿದು ರಕ್ತನಾಳಗಳು ಮತ್ತೆ ಬಿಗಿದಾಗ, ಗರ್ಭಕೋಶ ಕುಗ್ಗಿ ತನ್ನಲ್ಲಿದ್ದ ರಕ್ತವನ್ನೂ ಹಿಂದಿರುಗಿಸಿದಾಗ, ಹೃದಯದ ಮೇಲೆ ಹೊರೆ ಬೀಳುತ್ತದೆ. ಬಸುರಿನ ರಕ್ತದೊತ್ತಡ, ತೀವ್ರ ರಕ್ತಹೀನತೆ, ಗೊತ್ತಿಲ್ಲದೇ ಉಳಿದ ಹೃದಯ ಕವಾಟದ ಕಾಯಿಲೆ ಇರುವ ತಾಯಂದಿರು ಈ ಹೊರೆಯನ್ನು ತಾಳಲಾರರು; ಅವರ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಬಸುರಿನ ತೀವ್ರ ರಕ್ತದೊತ್ತಡದಲ್ಲಿ ಒಟ್ಟು ದ್ರವವನ್ನು ತಾಸಿಗೆ ಸುಮಾರು 80 ಮಿ.ಲೀ.ಗೆ ಮಿತಗೊಳಿಸುವ ಪದ್ಧತಿ ಈ ಕಾರಣಕ್ಕೇ ಬಂದಿದೆ.

ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವುದಾದರೆ, ಹೆದ್ದಾರಿಯ ಮೇಲಿನ ಕಿತ್ತೂರಿನಿಂದ ಧಾರವಾಡವೂ ಬೆಳಗಾವಿಯೂ ಕೈಗೆಟಕುವ ದೂರದಲ್ಲಿವೆ. ಆದರೆ ಮಲಪ್ರಭೆಯ ದಂಡೆಯ ರಾಮದುರ್ಗದಿಂದ ಬೆಳಗಾವಿಯ ಜಿಲ್ಲಾಸ್ಪತ್ರೆಗೆ ಹೆಚ್ಚುಕಡಿಮೆ ನೂರು ಕಿಲೋಮೀಟರ್. ಆದ್ದರಿಂದ ಆಂಬುಲೆನ್ಸ್‌ಗಿಂತ ಮೊದಲು ಚಿಕಿತ್ಸೆ ಮೇಜಿನ ಮೇಲೆಯೇ ಆರಂಭವಾಗಬೇಕು: ಸೆಡೆತ ಬಿಡಿಸುವುದು, ಪೂರ್ತಿ ಆಮ್ಲಜನಕ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕಿನಿಂದ ಧನ ಒತ್ತಡ. ಎಚ್ಚರವಿರುವ ರೋಗಿಯನ್ನು ಒರಗಿಸಿ ಕೂರಿಸುವುದೂ ನೆರವಾಗುತ್ತದೆ. ಮೂತ್ರ ಹೆಚ್ಚಿಸುವ ಫ್ಯುರೋಸೆಮೈಡ್ ದ್ರವ ಹೆಚ್ಚಾದ ತಾಯಿಗೆ ಅಗತ್ಯ. ಸೆಡೆತದಿಂದ ಬಂದ ನೀರಿಗೆ ಅದರ ಪ್ರಯೋಜನ ವಿವಾದಾಸ್ಪದ. ಸಕಾಲದಲ್ಲಿ ಉಸಿರಿಗೆ ಆಸರೆ ಸಿಕ್ಕರೆ ಈ ಸೆಡೆತದ ಬಗೆ ಸಾಮಾನ್ಯವಾಗಿ 12ರಿಂದ 48 ತಾಸುಗಳಲ್ಲಿ ಇಳಿಯುತ್ತದೆ. ಸೆಡೆತ ಕಂಡಿದ್ದ ರೋಗಿ ಮೇಲ್ನೋಟಕ್ಕೆ ಎಷ್ಟೇ ಚೆನ್ನಾಗಿದ್ದರೂ ಕೂಡಲೇ ವಾರ್ಡಿಗೆ ಕಳಿಸದೆ, ಆಕ್ಸಿಮೀಟರ್ ತೆಗೆಯದೆ, ಕೆಲವು ತಾಸು ಕಣ್ಣಳತೆಯಲ್ಲೇ ಇರಿಸಿಕೊಳ್ಳಬೇಕು.