ಹಳೆಯ ಸರ್ವರ್ ನಿಧಾನವಾಗಿದೆಯೇ? ಹೊಸಬರು ಮೊದಲು ನೋಡಬೇಕಾದ ಅಂಕಿಗಳು

ಆನೆಗೊಂದಿಯಂಥ ಊರುಗಳಿಗೆ 'ಸರ್ವರ್' ಎಂಬ ಪದವನ್ನು ಬಹುಮಟ್ಟಿಗೆ ತಂದುಕೊಟ್ಟಿದ್ದು ರಾಜ್ಯ ಸರ್ಕಾರದ 'ಭೂಮಿ' ಯೋಜನೆ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ ಅಂದಾಜು 2 ಕೋಟಿ ಪಹಣಿಗಳು ಗಣಕೀಕೃತಗೊಂಡು, ರಾಜ್ಯದ ಅಂದಿನ 177 ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿ ಶುಲ್ಕಕ್ಕೆ ಮುದ್ರಿತ ಪ್ರತಿ ದೊರೆಯತೊಡಗಿತು. ಆನೆಗೊಂದಿಯ ರೈತನ ಪಾಲಿಗೆ ಆ ಕೇಂದ್ರ ಗಂಗಾವತಿ. ಬೆಳೆಸಾಲಕ್ಕೆಂದು ಪಹಣಿಯ ಸಾಲಿನಲ್ಲಿ ನಿಂತವನಿಗೆ ಯಂತ್ರ ನಿಧಾನವಾದರೆ ಆ ದಿನದ ಕೆಲಸ ಹಾಳು. ಭೂದಾಖಲೆಗಳು ಮುಂದೆ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಸೇರಿದವಾದರೂ, ಸಹಕಾರ ಸಂಘ, ಶಾಲೆ, ಸಣ್ಣ ಕಚೇರಿಗಳ ಮೂಲೆಯಲ್ಲಿ ಹತ್ತು-ಹದಿನೈದು ವರ್ಷ ಹಳೆಯ ಸರ್ವರ್‌ಗಳು ಇಂದಿಗೂ ದುಡಿಯುತ್ತಿವೆ. ಅವುಗಳ ಹೊಣೆ ಹೆಚ್ಚಾಗಿ ಕಂಪ್ಯೂಟರ್ ಅಲ್ಪಸ್ವಲ್ಪ ಬಲ್ಲ ಒಬ್ಬ ನೌಕರನ ಹೆಗಲಿಗೆ ಬೀಳುತ್ತದೆ.

ಯಂತ್ರ ನಿಧಾನವಾದೊಡನೆ ಆತ ಮಾಡುವ ಕೆಲಸ ಎರಡೇ: ಆರಿಸಿ ಮತ್ತೆ ಹಚ್ಚುವುದು, ಇಲ್ಲವೇ ಹೊಸ ಯಂತ್ರಕ್ಕೆ ಬೇಡಿಕೆ ಸಲ್ಲಿಸುವುದು. ಮೊದಲನೆಯದರಿಂದ ದೋಷದ ಕುರುಹು ಅಳಿಸಿಹೋಗುತ್ತದೆ. ಎರಡನೆಯದು ಹಲವು ಸಲ ಅನಗತ್ಯ. ವಿಜಯನಗರ ಕಾಲದ ಕಾಲುವೆಗಳು ಆನೆಗೊಂದಿ ಸುತ್ತಲಿನ ಗದ್ದೆಗಳಿಗೆ ಇಂದಿಗೂ ತುಂಗಭದ್ರೆಯ ನೀರುಣಿಸುತ್ತವೆ. ಗದ್ದೆಗೆ ನೀರು ಬಾರದಿದ್ದರೆ ಬಲ್ಲ ರೈತ ಹೊಸ ಕಾಲುವೆ ಕೇಳುವುದಿಲ್ಲ, ಕಾಲುವೆಯ ಗುಂಟ ನಡೆದು ಹೂಳೆಲ್ಲಿದೆ ಎಂದು ನೋಡುತ್ತಾನೆ. ಸರ್ವರ್‌ಗೂ ಇದೇ ಕ್ರಮ ಸಲ್ಲುತ್ತದೆ.

ಇಲ್ಲಿ ಲಿನಕ್ಸ್ ಸರ್ವರನ್ನು ಗಮನದಲ್ಲಿರಿಸಿಕೊಳ್ಳಲಾಗಿದೆ. ಆದೇಶಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪು ಮಾಡಬೇಕು. ಮೊದಲಿಗೆ 'ಅಪ್‌ಟೈಮ್'. ಇದು ಯಂತ್ರ ಎಷ್ಟು ದಿನದಿಂದ ನಡೆಯುತ್ತಿದೆ ಎಂಬುದರ ಜೊತೆಗೆ ಹೊರೆಯ ಮೂರು ಅಂಕಿಗಳನ್ನು ತೋರಿಸುತ್ತದೆ: ಕ್ರಮವಾಗಿ ಕಳೆದ 1, 5 ಮತ್ತು 15 ನಿಮಿಷಗಳ ಸರಾಸರಿ. ಈ ಅಂಕಿಗಳನ್ನು ಪ್ರೊಸೆಸರ್ ಕೋರ್‌ಗಳ ಸಂಖ್ಯೆಯೊಡನೆ ಹೋಲಿಸಿ ಓದಬೇಕು. ಎರಡು ಕೋರ್‌ಗಳ ಯಂತ್ರದಲ್ಲಿ 1.5 ಎಂದರೆ ಚಿಂತೆಯಿಲ್ಲ. 7, 3, 1 ಎಂದಿದ್ದರೆ ಹೊರೆ ಈಗಷ್ಟೇ ಏರುತ್ತಿದೆ ಎಂದರ್ಥ. ಲಿನಕ್ಸ್‌ನಲ್ಲಿ ಡಿಸ್ಕಿಗಾಗಿ ಕಾಯುತ್ತ ನಿಂತ ಪ್ರಕ್ರಿಯೆಗಳೂ ಈ ಲೆಕ್ಕಕ್ಕೆ ಸೇರುವುದರಿಂದ, ಅಂಕಿ ಏರಿದ ಮಾತ್ರಕ್ಕೆ ಪ್ರೊಸೆಸರ್ ಸೋತಿದೆ ಎನ್ನಲಾಗದು. ಯಾವ ಪ್ರಕ್ರಿಯೆ ಎಷ್ಟು ಬಳಸುತ್ತಿದೆ ಎಂಬುದನ್ನು 'ಟಾಪ್' ತೋರಿಸುತ್ತದೆ. ಅದರಿಂದ ಹೊರಬರಲು 'ಕ್ಯೂ' ಒತ್ತಿದರಾಯಿತು.

ಹೊಸಬರು ಅತಿಹೆಚ್ಚು ಎಡವುವುದು ಸ್ಮೃತಿಯ ಲೆಕ್ಕದಲ್ಲಿ. 'ಫ್ರೀ' ಆದೇಶಕ್ಕೆ ಅಡ್ಡಗೆರೆ ಮತ್ತು 'ಎಂ' ಅಕ್ಷರ ಸೇರಿಸಿದರೆ ಅಂಕಿಗಳು ಮೆಗಾಬೈಟ್‌ಗಳಲ್ಲಿ ಬರುತ್ತವೆ. ಉದಾಹರಣೆಗೆ, ಒಟ್ಟು 2048ರಲ್ಲಿ 1950 ಬಳಕೆಯಾಗಿದೆ, 98 ಮಾತ್ರ ಖಾಲಿ ಎಂದು ಕಂಡರೆ ಯಾರಿಗಾದರೂ ಗಾಬರಿಯಾಗುತ್ತದೆ. ಆದರೆ ಲಿನಕ್ಸ್ ಖಾಲಿ ಇರುವ ಸ್ಮೃತಿಯನ್ನು ಸುಮ್ಮನೆ ಬಿಡದೆ, ಡಿಸ್ಕಿನಿಂದ ಓದಿದ ಕಡತಗಳನ್ನು ಅದರಲ್ಲಿ ಇರಿಸಿಕೊಳ್ಳುತ್ತದೆ. ತಂತ್ರಾಂಶಕ್ಕೆ ಅಗತ್ಯ ಬಿದ್ದಾಗ ಅದರ ಬಹುಪಾಲನ್ನು ಬಿಟ್ಟುಕೊಡುತ್ತದೆ. ಮೇಲಿನ ಲೆಕ್ಕದಲ್ಲಿ ಬಫರ್ 150, ಕ್ಯಾಶ್ 1100 ಇದ್ದರೆ ತಂತ್ರಾಂಶಗಳು ನಿಜವಾಗಿ ಹಿಡಿದಿರುವುದು 700 ಮಾತ್ರ. ಹಳೆಯ ಆವೃತ್ತಿಗಳಲ್ಲಿ ಇದು 'ಬಫರ್ಸ್, ಕ್ಯಾಶ್' ಎಂದು ಆರಂಭವಾಗುವ ಎರಡನೆಯ ಸಾಲಿನಲ್ಲಿ ಸಿಗುತ್ತದೆ. 2014ರ ನಂತರದ ಆವೃತ್ತಿಗಳಲ್ಲಿ ಆ ಸಾಲು ಹೋಗಿ 'ಅವೈಲಬಲ್' ಎಂಬ ಕಲಮು ಬಂದಿದೆ. ಹೊಸ ಪುಸ್ತಕ ಓದಿ ಹಳೆಯ ಯಂತ್ರದ ಮುಂದೆ ಕೂತವರು ಇಲ್ಲಿ ತಬ್ಬಿಬ್ಬಾಗುವುದು ಸಹಜ.

ಸ್ಮೃತಿ ನಿಜಕ್ಕೂ ಸಾಲದೆ ಹೋದರೆ ಅದನ್ನು ಹೇಳುವುದು 'ವಿಎಂಸ್ಟಾಟ್ 5'. ಐದು ಸೆಕೆಂಡಿಗೊಂದು ಸಾಲು ಮೂಡುತ್ತದೆ. ಮೊದಲ ಸಾಲು ಯಂತ್ರ ಹಚ್ಚಿದಂದಿನಿಂದಿನ ಸರಾಸರಿಯಾದ್ದರಿಂದ ಅದನ್ನು ಬಿಟ್ಟುಬಿಡಿ. 'ಎಸ್ಐ', 'ಎಸ್ಒ' ಕಲಮುಗಳಲ್ಲಿ ಸೊನ್ನೆಯ ಬದಲು ದೊಡ್ಡ ಅಂಕಿಗಳು ಸತತವಾಗಿ ಬರುತ್ತಿದ್ದರೆ ಯಂತ್ರ ಸ್ಮೃತಿಯ ಕೊರತೆಯನ್ನು ಡಿಸ್ಕಿನಿಂದ ತುಂಬಿಕೊಳ್ಳುತ್ತಿದೆ. ಆಗ ರ‍್ಯಾಮ್ ಹೆಚ್ಚಿಸುವ ಮಾತು ನ್ಯಾಯವಾದುದು. ಅವು ಸೊನ್ನೆಯಿದ್ದು 'ಡಬ್ಲ್ಯುಎ' ಮಾತ್ರ ಏರಿದ್ದರೆ ತೊಡಕು ಡಿಸ್ಕಿನದು, ರ‍್ಯಾಮ್ ಕೊಂಡು ಪ್ರಯೋಜನವಿಲ್ಲ.

ಡಿಸ್ಕಿನ ಜಾಗವನ್ನು 'ಡಿಎಫ್' ಆದೇಶಕ್ಕೆ ಅಡ್ಡಗೆರೆ ಮತ್ತು 'ಎಚ್' ಸೇರಿಸಿ ನೋಡಬೇಕು. ಶೇ. 90 ದಾಟಿದ್ದರೆ ಅಂದೇ ಎಚ್ಚರ ವಹಿಸುವುದು ಲೇಸು, ಏಕೆಂದರೆ ಜಾಗ ಮುಗಿದರೆ ದತ್ತಸಂಚಯ ಹೊಸ ನಮೂದನ್ನು ಬರೆದುಕೊಳ್ಳಲಾರದು. ಜಾಗವಿದ್ದೂ 'ಜಾಗವಿಲ್ಲ' ಎಂಬ ಸಂದೇಶ ಬಂದರೆ 'ಎಚ್' ಬದಲು 'ಐ' ಬಳಸಿ ನೋಡಿ. ಲಕ್ಷಾಂತರ ಸಣ್ಣ ಕಡತಗಳಿಂದ ಐನೋಡ್‌ಗಳು ತೀರಿರಬಹುದು. ದೊಡ್ಡ ಲಾಗ್ ಕಡತವನ್ನು ಅಳಿಸಿದರೂ ಜಾಗ ಮರಳದಿದ್ದರೆ, ಯಾವುದೋ ತಂತ್ರಾಂಶ ಅದನ್ನು ಇನ್ನೂ ತೆರೆದಿಟ್ಟುಕೊಂಡಿರುತ್ತದೆ. ಆ ತಂತ್ರಾಂಶವೊಂದನ್ನೇ ಮರುಪ್ರಾರಂಭಿಸಿದರೆ ಸಾಕು.

ಹಳೆಯ ಯಂತ್ರಗಳಲ್ಲಿ 'ಡಿಮೆಸೇಜ್' ಆದೇಶದ ಕೊನೆಯ ಸಾಲುಗಳನ್ನೂ ಓದಬೇಕು; ಅದನ್ನು ಟೈಪು ಮಾಡುವಾಗ ಡಿ, ಎಂ, ಇ, ಎಸ್, ಜಿ ಎಂಬ ಐದೇ ಅಕ್ಷರಗಳು. ಅಲ್ಲಿ ಡಿಸ್ಕಿನ 'ಐಒ ಎರರ್' ಮತ್ತೆ ಮತ್ತೆ ಕಂಡರೆ ಮಿಕ್ಕ ಪರಿಶೀಲನೆಯನ್ನೆಲ್ಲ ಬದಿಗಿಟ್ಟು ಮೊದಲು ದತ್ತಾಂಶವನ್ನು ಬೇರೆ ಡಿಸ್ಕಿಗೆ ನಕಲಿಸಿಕೊಳ್ಳಿ. ಯಂತ್ರ ಆರಿಸಿದರೆ ಅಂಥ ಡಿಸ್ಕ್ ಮತ್ತೆ ಏಳದೆಯೂ ಹೋಗಬಹುದು.